ಸರ್ವೆ ನಂಬರಿಗಿಂತ ಮೊದಲು ಹೊಲದ ಹೆಸರು

ಹಳೆ ಮೈಸೂರು ಸೀಮೆಯ ನಮ್ಮೂರಿನಲ್ಲಿ ನೂರು ಮನೆಯೂ ಇಲ್ಲ. ಅದರ ಚರಿತ್ರೆ ಬರೆಯಬೇಕು ಅಂತ ಹೊರಟಾಗ ಮೊದಲು ಹೋಗಿದ್ದು ಲೈಬ್ರರಿಗೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ನಮ್ಮೂರಿನ ಹೆಸರು ಎಲ್ಲೂ ಸಿಗಲಿಲ್ಲ. ತುಂಬಾ ಬೇಜಾರಾಯಿತು. ಆಮೇಲೆ ಗ್ರಾಮ ನಕ್ಷೆಯ ಪ್ರತಿ ತಂದು ಅರಳಿಕಟ್ಟೆಯ ಮೇಲೆ ಹರಡಿದೆ. ಕೆಲಸ ನಿಜವಾಗಿ ಶುರುವಾಗಿದ್ದು ಅಲ್ಲಿಂದ.

ನಕ್ಷೆಯಲ್ಲಿ ಬರೀ ಸರ್ವೆ ನಂಬರು. ಊರವರ ಬಾಯಲ್ಲಿ ಇರುವುದು ಹೆಸರು. ಹುಣಸೆಮರದ ಹೊಲ, ಕೋಡಿ ಗದ್ದೆ, ಗುಂಡುತೋಪು. ಅವರು ಬೆರಳಿಟ್ಟು ತೋರಿಸಿದಂತೆ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ಕೆರೆ ಏರಿಯ ಕೆಳಗಿನ ಒಂದು ತುಂಡಿಗೆ ‘ಕೊಡಗಿ ಗದ್ದೆ’ ಅಂದರು. ಯಾಕೆ ಆ ಹೆಸರು ಅಂತ ಯಾರಿಗೂ ಗೊತ್ತಿರಲಿಲ್ಲ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿಸಿದವರಿಗೆ ಹಿಂದೆ ಜಮೀನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ಕಟ್ಟುಕೊಡಗಿ ಅನ್ನುವುದು. ಯಾವ ಕಲ್ಲಿನ ಮೇಲೂ ಇಲ್ಲದ ನಮ್ಮ ಕೆರೆಯ ಕಥೆ ಒಂದು ಗದ್ದೆಯ ಹೆಸರಿನಲ್ಲಿ ಉಳಿದುಕೊಂಡಿತ್ತು! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಊರಿನ ಗುಣ ಗೊತ್ತಾಗಬೇಕಾದರೆ ನೀರಿನ ವಿಚಾರ ಕೇಳಬೇಕು. ಗದ್ದೆಗಳಿಗೆ ಕೆರೆ ನೀರು ಬಿಡುವ ನೀರಗಂಟಿ ಮನೆತನದ ಹಿರಿಯರು ತೂಬಿನ ಹತ್ತಿರ ಕರೆದುಕೊಂಡು ಹೋಗಿ ವಿವರಿಸಿದರು. ಮಳೆ ಕಮ್ಮಿಯಾದ ವರ್ಷ ಕೊನೆಯ ಗದ್ದೆಗೆ ಮೊದಲು ನೀರು, ಏರಿ ಪಕ್ಕದವರಿಗೆ ಆಮೇಲೆ. ಹತ್ತಿರ ಇರುವವರಿಗೆ ಬಸಿನೀರಾದರೂ ಸಿಗುತ್ತದೆ ಅಲ್ವಾ? ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ 1963ರಲ್ಲಿ ಹೋದವು. ಈ ಸರದಿ ಮಾತ್ರ ತಪ್ಪಲಿಲ್ಲ.

1974ರ ಭೂಸುಧಾರಣೆ ಬಗ್ಗೆ ಮಾತ್ರ ಕಟ್ಟೆಯ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಗೇಣಿ ಮಾಡುತ್ತಿದ್ದವರನ್ನೂ ಜಮೀನು ಬಿಟ್ಟವರನ್ನೂ ಬೇರೆ ಬೇರೆಯಾಗಿ, ಅವರವರ ಮನೆ ಜಗುಲಿಯಲ್ಲೇ ಕೂತು ಕೇಳಿದೆ.

ಒಂದು ತಪ್ಪನ್ನೂ ಮಾಡಿದೆ. ಊರ ಬಾವಿ ತೋಡಿದ್ದು ‘ಧಾತು ವರ್ಷ’ ಅಂದರು. ಧಾತು ಅಂದ ಕೂಡಲೇ ದೊಡ್ಡ ಬರ ನೆನಪಾಗಿ 1876 ಅಂತ ಬರೆದುಬಿಟ್ಟೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಬೀದಿಯ ಕೊನೆಮನೆ ಅಜ್ಜಿ ತಿದ್ದಿದರು: “ಅಲ್ಲ ಮಗಾ, ನಮ್ಮಕ್ಕ ಹುಟ್ಟಿದ ವರ್ಷವೇ ಆ ಬಾವಿಗೆ ನೀರು ಬಂದಿದ್ದು.” ಅಳಿಸಿ 1936 ಅಂತ ಬರೆದೆ. ಈಗ ಯಾರಾದರೂ ಸಂವತ್ಸರದ ಹೆಸರು ಹೇಳಿದರೆ ತಕ್ಷಣ ಕೇಳುತ್ತೇನೆ, ಆ ವರ್ಷ ನಿಮ್ಮ ಮನೆಯಲ್ಲಿ ಯಾರು ಹುಟ್ಟಿದ್ದರು ಅಂತ.