ದಿಬ್ಬ ಕೆಟ್ಟಿತ್ತು, ತಗ್ಗು ಚೆನ್ನಾಗಿತ್ತು: ಡೋಣಿ ಸೀಮೆಯ ಎರೆ ಮಣ್ಣು ಓದಿದ ನನ್ನ ಅನುಭವ

ಎರೆ (ಕಪ್ಪು ಜೇಡಿ ಮಣ್ಣು) ಹೊಲದಲ್ಲಿ ಕೇಡು ಇದ್ದರೆ ತಗ್ಗಿನಲ್ಲಿ, ದಿಬ್ಬ ಯಾವಾಗಲೂ ಚೊಕ್ಕ ಎಂಬುದು ನಮ್ಮ ಕಡೆ ಯಾರೂ ಪ್ರಶ್ನಿಸದ ಮಾತು. ನೀರು ಇಳಿಯುತ್ತದೆ, ಉಪ್ಪು ಅದರ ಜೊತೆಗೇ ಇಳಿಯುತ್ತದೆ, ಆದ್ದರಿಂದ ಸವಳು ತಗ್ಗಿನ ಪಾಲು. ಬಸವನ ಬಾಗೇವಾಡಿಯ ಉತ್ತರಕ್ಕೆ, ಡೋಣಿ ನದಿಯ ಕಡೆಗೆ ಇಳಿಯುವ ಸುಮಾರು ನಲವತ್ತು ಎಕರೆಯ ಪಟ್ಟಿಯೊಂದರಲ್ಲಿ ಇದು ತಲೆಕೆಳಗಾಗಿದೆ ಎಂದು ನಾನು ವರದಿ ಕೊಟ್ಟಾಗ ಹೊಲದವರು ನಕ್ಕರು. ನನ್ನ ಹಾಗೆಯೇ ಮಣ್ಣು ಪರೀಕ್ಷೆಯಿಂದ ಹೊಟ್ಟೆ ಹೊರೆಯುವ ಗೆಳೆಯರು ನಗಲಿಲ್ಲ, ಮಾದರಿಗೆ ಅಂಟಿಸಿದ ಚೀಟಿ ಅದಲುಬದಲಾಗಿರಬೇಕು ಎಂದರು. ಈಗ ಕೆಲವು ಹಿಂಗಾರು ಕಳೆದಿವೆ. ನನ್ನ ಮಾತು ಸುಳ್ಳಾಗದೆ ನಿಂತಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಕೆಲಸ ಬಂದದ್ದು ದ್ರಾಕ್ಷಿಯ ನೆಪದಲ್ಲಿ. ಮುಳವಾಡ ಏತ ನೀರಾವರಿಯ ನೀರು ಸುತ್ತಮುತ್ತ ಬರತೊಡಗಿದ ಮೇಲೆ ಜೋಳ, ಕಡಲೆ ಬಿಟ್ಟು ಏನಾದರೂ ದುಡ್ಡಿನ ಬೆಳೆ ಹಾಕಬೇಕೆಂಬ ಆಸೆ ಎಲ್ಲರಿಗೂ ಇತ್ತು. ಅಣ್ಣತಮ್ಮಂದಿರ ಈ ಹೊಲದಲ್ಲಿ ದಿಬ್ಬಕ್ಕೆ ದ್ರಾಕ್ಷಿ, ತಗ್ಗಿಗೆ ಎಂದಿನಂತೆ ಜೋಳ ಎಂದು ಮೊದಲೇ ತೀರ್ಮಾನವಾಗಿತ್ತು. ನನ್ನಿಂದ ಬೇಕಾಗಿದ್ದದ್ದು ಬ್ಯಾಂಕಿಗೆ ಕೊಡಲು ಒಂದು ಕಾಗದ ಮಾತ್ರ. ಅವರ ಬಳಿ ಮಣ್ಣು ಆರೋಗ್ಯ ಚೀಟಿಯೂ ಇತ್ತು. ಆ ಚೀಟಿಯಲ್ಲಿ ಇರುವುದು ಹನ್ನೆರಡು ಅಂಶಗಳು. ಅದರಲ್ಲಿ ಜೇಡಿಯ ಪ್ರಮಾಣವಿಲ್ಲ, ವಿನಿಮಯ ಸೋಡಿಯಂ (ಜೇಡಿಯ ಕಣಗಳಿಗೆ ಅಂಟಿಕೊಂಡ ಸೋಡಿಯಂ) ಇಲ್ಲ, ಮಾದರಿ ಮೇಲಿನ ಒಂದು ಗೇಣಿನದ್ದು. ದಿಬ್ಬ, ತಗ್ಗು ಎರಡಕ್ಕೂ ಇಸಿ, ಅಂದರೆ ಕರಗಿದ ಉಪ್ಪಿನ ಅಳತೆ, ಸಾಧಾರಣ ಎಂದೇ ಬರೆದಿತ್ತು. ಗೊಬ್ಬರ ಹಾಕುವುದಕ್ಕೆ ಆ ಚೀಟಿ ಸಾಕು, ಬಳ್ಳಿಯ ಬೇರು ಇಳಿಯುವ ಆಳಕ್ಕೆ ಏನೇನೂ ಸಾಲದು.

ಗುಂಡಿ ತೆಗೆಯಲೇಬೇಕು ಎಂದೆ. ಜೆಸಿಬಿಗೆ ಆಗ ಗಂಟೆಗೆ ಸಾವಿರದ ಇನ್ನೂರೋ ಮುನ್ನೂರೋ ಇತ್ತು. ಅದನ್ನು ಕೊಡಲು ಹಿರಿಯಣ್ಣ ಒಪ್ಪಲಿಲ್ಲ. "ಸಾಹೇಬರೇ, ಉಪ್ಪು ಹುಡುಕುವುದಿದ್ದರೆ ಹಳ್ಳದ ದಂಡೆಗೆ ಹೋಗಿ. ದಿಬ್ಬ ಅಗೆದು ನನ್ನ ಹೊಲ ಯಾಕೆ ಕೆಡಿಸುತ್ತೀರಿ?" ಎಂದರು. ಕೊನೆಗೆ ಅರ್ಧ ಬಾಡಿಗೆ ನಾನು ಹಾಕಿಕೊಂಡೆ. ದಿಬ್ಬದ ನೆತ್ತಿಯಿಂದ ತಗ್ಗಿನ ತಳದವರೆಗೆ ಒಂದೇ ಸಾಲಿನಲ್ಲಿ ಗುಂಡಿಗಳು, ಪ್ರತಿಯೊಂದೂ ಒಂದೂವರೆ ಮೀಟರ್ ಅಥವಾ ಗರಸು (ಶಿಥಿಲ ಕಲ್ಲಿನ ಪದರ) ಸಿಗುವವರೆಗೆ. ಜೆಸಿಬಿ ಹಲ್ಲು ಉಜ್ಜಿದ ಗೋಡೆಯನ್ನು ನಂಬಬೇಡಿ. ಅದು ಒತ್ತಿ ಮಿನುಗಿಸಿದ ಮೈಯೆಲ್ಲ ಜಾರುಮೈಯಂತೆಯೇ (ಎರೆ ಹಿಗ್ಗಿ ಕುಗ್ಗುವಾಗ ಹೆಂಟೆಗಳು ಒಂದಕ್ಕೊಂದು ಉಜ್ಜಿ ಆಗುವ ನುಣುಪು ಮೈ) ಕಾಣುತ್ತದೆ. ಒಂದು ಗೇಣು ಒಳಗೆ ಚಾಕುವಿನಿಂದ ಕೆದರಿ ತೆಗೆದರೆ ಮಾತ್ರ ನಿಜವಾದ ಜಾರುಮೈ, ಬೆಣೆಯಾಕಾರದ ಹೆಂಟೆ ಕಾಣುತ್ತವೆ.

ಗೋಡೆ ಕೆದರಿದಾಗಲೇ ಅನುಮಾನ ಬಂದಿತ್ತು. ತಗ್ಗಿನ ಗುಂಡಿಯಲ್ಲಿ ಸುಣ್ಣದ ಹರಳು ಒಂದು ಮೀಟರಿನ ಆಚೆ ಅಲ್ಲೊಂದು ಇಲ್ಲೊಂದು. ದಿಬ್ಬದಲ್ಲಿ ಮೊಣಕಾಲಿನ ಆಳಕ್ಕೇ ಕೈತುಂಬ. ಸುಣ್ಣ ಎಷ್ಟಿದೆ ನೋಡಲು ಆಮ್ಲ ಹಾಕಿದರೆ ತಗ್ಗಿನದು ಚುರ್ ಎಂದು ಸುಮ್ಮನಾಗುತ್ತಿತ್ತು, ದಿಬ್ಬದ್ದು ನೊರೆಯುಕ್ಕಿ ಬಾಟಲಿ ಬರಿದಾಗುವವರೆಗೂ ಬಿಡುತ್ತಿರಲಿಲ್ಲ.

ಮುಂದಿನದು ಪ್ರಯೋಗಾಲಯದ ಪಾಡು. ಪದರಕ್ಕೊಂದು ಮಾದರಿ, ಮಾದರಿಗೆ ಸುಮಾರು ಒಂದೂವರೆ ಸಾವಿರ. ಒಟ್ಟು ಅರವತ್ತು ಸಾವಿರದ ಆಸುಪಾಸು ಹೋಯಿತು. ಮೊದಲು ಕಳಿಸಿದ ಖಾಸಗಿ ಪ್ರಯೋಗಾಲಯ ಜೇಡಿ ಶೇಕಡಾ 38 ಎಂದು ಬರೆದು ಕಳಿಸಿತು. ಬೆರಳಲ್ಲಿ ಹೊಸೆದರೆ ಉದ್ದನೆಯ ಎಳೆ ಬರುವ ಮಣ್ಣು ಅದು, 38 ಎಲ್ಲಿಂದ ಬರಬೇಕು? ವಿಚಾರಿಸಿದರೆ ಸುಣ್ಣ ತೆಗೆಯದೆ, ಅಲುಗಾಡಿಸುವುದನ್ನೂ ಅರ್ಧಕ್ಕೆ ನಿಲ್ಲಿಸಿ ಹೈಡ್ರೋಮೀಟರ್ (ನೀರಲ್ಲಿ ತೇಲಿಸಿ ಜೇಡಿಯ ಪ್ರಮಾಣ ಅಳೆಯುವ ಸಾಧನ) ಇಳಿಸಿದ್ದರು. ಸುಣ್ಣ ಜೇಡಿಯ ಕಣಗಳನ್ನು ಕಚ್ಚಿ ಹಿಡಿದರೆ ಅವು ಹೂಳಾಗಿ, ಮರಳಾಗಿ ಲೆಕ್ಕಕ್ಕೆ ಬರುತ್ತವೆ. ಅದೇ ಮಾದರಿಯನ್ನು ನನ್ನ ಕೋಣೆಯಲ್ಲಿ ಸುಣ್ಣ ತೆಗೆದು, ಕಣಗಳನ್ನು ಬಿಡಿಸುವ ಹೆಕ್ಸಾಮೆಟಾಫಾಸ್ಫೇಟಿನಲ್ಲಿ ರಾತ್ರಿಯಿಡೀ ನೆನೆಸಿ, ಪಿಪೆಟ್ ವಿಧಾನದಲ್ಲಿ ಮಾಡಿದಾಗ 57–58 ಬಂತು. ಹಣ ಮರಳಿ ಕೇಳಿದೆ, ಬರಲಿಲ್ಲ.

ಎರಡನೆಯ ತೊಡಕು ವಿನಿಮಯ ಸೋಡಿಯಂ. ಜೇಡಿಗೆ ಅಂಟಿದ್ದನ್ನು ಬಿಡಿಸಿ ಅಳೆಯಲು ಸುಣ್ಣವಿರುವ ಮಣ್ಣಿಗೆ ಅಮೋನಿಯಂ ಅಸಿಟೇಟ್ ಹಾಕಿದರೆ ಸುಣ್ಣವೂ ಒಂದಿಷ್ಟು ಕರಗಿ ಕ್ಯಾಲ್ಸಿಯಂ ಉಬ್ಬುತ್ತದೆ ಎಂದು ನಾವೆಲ್ಲ ಓದಿದ್ದೇವೆ, ವರದಿ ಬರೆಯುವಾಗ ಮರೆಯುತ್ತೇವೆ. ದಿಬ್ಬದ ಕೆಳಪದರದಲ್ಲಿ ಕ್ಯಾಟಯಾನುಗಳನ್ನು (ಕ್ಯಾಲ್ಸಿಯಂ, ಸೋಡಿಯಂ ಮುಂತಾದವು) ಕೂಡಿಸಿದರೆ 70 ದಾಟುತ್ತಿತ್ತು, ಬೇರೆಯಾಗಿ ಅಳೆದ ಸಿಇಸಿ, ಅಂದರೆ ಅವನ್ನು ಹಿಡಿದಿಡುವ ಮಣ್ಣಿನ ಒಟ್ಟು ಶಕ್ತಿ, 55ರ ಸುತ್ತ. ಸೋಡಿಯಂ ಒಂಬತ್ತೂವರೆ. 70ರಿಂದ ಭಾಗಿಸಿದರೆ ಇಎಸ್‌ಪಿ, ಅಂದರೆ ಅದರಲ್ಲಿ ಸೋಡಿಯಂನ ಶೇಕಡಾ ಪಾಲು, ಹದಿಮೂರೂವರೆ, 55ರಿಂದ ಭಾಗಿಸಿದರೆ 17. ಒಂದು ಭಾಗಾಕಾರದ ಮೇಲೆ ಮಣ್ಣಿನ ಜಾತಿಯೇ ಬದಲಾಗುತ್ತದೆ: ವರ್ಗೀಕರಣದಲ್ಲಿ ಹದಿನೈದರ ಗೆರೆ ದಾಟಿದರೆ ಸೋಡಿಕ್ ಹ್ಯಾಪ್ಲಸ್ಟರ್ಟ್ (ಸೋಡಿಯಂ ಹೆಚ್ಚಿದ ಎರೆ), ದಾಟದಿದ್ದರೆ ಟಿಪಿಕ್ (ಸಾಮಾನ್ಯ ಎರೆ). ನನ್ನ ವರದಿಯನ್ನು ಮೊದಲು ತಳ್ಳಿಹಾಕಿದ ಗೆಳೆಯರೊಬ್ಬರು ಕೂಡಿಸಿ ಭಾಗಿಸುವ ಪಂಗಡದವರು. 

ತಗ್ಗಿನ ಅಂಕಿ ಹೀಗಿದ್ದವು: ರಸಸಾರ (ಪಿಎಚ್) ಮೇಲಿಂದ ಕೆಳಗಿನವರೆಗೆ 8.2–8.4, ಸುಣ್ಣ ಶೇಕಡಾ ಒಂಬತ್ತು-ಹತ್ತು, ಇಎಸ್‌ಪಿ ಎಲ್ಲಿಯೂ ನಾಲ್ಕು ದಾಟಿಲ್ಲ. ದಿಬ್ಬದಲ್ಲಿ ಮೇಲೆ 8.6, ಎರಡು ಅಡಿಯ ಕೆಳಗೆ 9ರ ಮೇಲೆ, ಸುಣ್ಣ ಹದಿನೆಂಟು-ಇಪ್ಪತ್ತು, ಇಎಸ್‌ಪಿ ಮೇಲೆ 8, ಕೆಳಗೆ 17–18. ಎರಡರ ಬಣ್ಣವೂ ಒಂದೇ ಕಪ್ಪು, ಬಿರುಕಿನ ಅಗಲವೂ ಹೆಚ್ಚುಕಡಿಮೆ ಒಂದೇ.

ಆದರೆ ನನಗೆ ನಿಜವಾಗಿ ಗೆಲುವು ತಂದದ್ದು ನೀರಿಳಿಯುವ ವೇಗದ ಪರೀಕ್ಷೆ. ಇದಕ್ಕೆ ಬಹಳ ತಿಣುಕಿದೆ. ಮೊದಮೊದಲು ದಿಬ್ಬದ ಮಣ್ಣಿನಲ್ಲೂ ನೀರು ಸರಾಗವಾಗಿ ಇಳಿಯುತ್ತಿತ್ತು, ಗಂಟೆಗೆ ಹತ್ತು ಮಿಲಿಮೀಟರಿಗೂ ಹೆಚ್ಚು. ಸೋಡಿಯಂ ಹೆಚ್ಚಿದ್ದರೆ ಜೇಡಿ ನೀರಿನಲ್ಲಿ ಚದುರಿ ನೀರಿನ ದಾರಿ ಕಟ್ಟಬೇಕು, ಆ ಅಂಕಿಗೆ ಇದು ಹೊಂದುತ್ತಲೇ ಇರಲಿಲ್ಲ. ಕಾರಣ ನೀರಿನಲ್ಲಿತ್ತು. ಕೋಣೆಯ ನಲ್ಲಿಗೆ ಬರುವುದು ಕೊಳವೆಬಾವಿ ನೀರು, ಅದರ ಉಪ್ಪೇ ಜೇಡಿಯನ್ನು ಚದುರಲು ಬಿಡುತ್ತಿರಲಿಲ್ಲ. ಹೊಲದ ಮೇಲೆ ಬೀಳುವುದು ಮಳೆ ನೀರು. ಮಳೆ ನೀರು ಹಿಡಿದಿಟ್ಟು ಅದರಿಂದ ಮಾಡಿದಾಗ ದಿಬ್ಬದ ಕೆಳಪದರ ಗಂಟೆಗೆ ಎರಡು ಮಿಲಿಮೀಟರಿಗೆ ಕುಸಿಯಿತು, ತಗ್ಗಿನದು ಹನ್ನೆರಡು-ಹದಿಮೂರರಲ್ಲಿ ನಿಂತಿತು. ದಖ್ಖನ್ ಬಸಾಲ್ಟಿನ ಎರೆಗಳಲ್ಲಿ ಇಎಸ್‌ಪಿ ಐದಕ್ಕೇ ನೀರಿನ ದಾರಿ ಕಟ್ಟಬಹುದು ಎಂದು ನಾಗಪುರದ ಮಣ್ಣು ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು ಎಷ್ಟೋ ಹಿಂದೆಯೇ ಬರೆದಿದ್ದಾರೆ. ಹದಿನೈದನ್ನೇ ಜಪಿಸುವ ನಮ್ಮವರು ಅದನ್ನು ಓದುವುದಿಲ್ಲ.

ಹೆಂಟೆಯ ಕುಗ್ಗುವಿಕೆ ಅಳೆಯಲು ಪುಸ್ತಕದಲ್ಲಿ ಹೇಳಿದ ಸರಾನ್ ರಾಳ (ಹೆಂಟೆಗೆ ಬಳಿಯುವ ಪ್ಲಾಸ್ಟಿಕ್ ಲೇಪ) ವಿಜಯಪುರದಲ್ಲಿ ಎಲ್ಲಿ ಸಿಗಬೇಕು? ಮೇಣ ಹಚ್ಚಿದರೆ ಸಾಂದ್ರತೆ ಬರುತ್ತದೆ, ಕುಗ್ಗುವುದು ಬರುವುದಿಲ್ಲ, ಮೇಣ ಮಣ್ಣಿನೊಡನೆ ಕುಗ್ಗದು. ನಾನು ಹಚ್ಚಿದ್ದು ಬೇರೆಯೇ ಒಂದು ಪದಾರ್ಥ, ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಅದರ ಹೆಸರು, ಎಷ್ಟು ತೆಳುವಾಗಿಸಬೇಕು ಎಂಬುದು ಇಲ್ಲಿ ಬೇಡ. ಹೆಂಟೆ ಹಿಡಿದು ಬಂದವರಿಗೆ ತೋರಿಸುತ್ತೇನೆ, ಚಹಾ ನಿಮ್ಮದು.

ಭೂಮಿಯ ಏರಿಳಿತಕ್ಕೆ ಮೊದಲು ಇಸ್ರೋದ ಭುವನ್ ತಾಣದಿಂದ ಕಾರ್ಟೋಸ್ಯಾಟ್ ಉಪಗ್ರಹದ ಎತ್ತರದ ದತ್ತಾಂಶ ಇಳಿಸಿಕೊಂಡೆ. ಮೂವತ್ತು ಮೀಟರಿನ ಚೌಕಕ್ಕೊಂದು ಎತ್ತರ, ಅದರ ತಪ್ಪೇ ಕೆಲವು ಮೀಟರ್. ನಮ್ಮ ದಿಬ್ಬ-ತಗ್ಗಿನ ಅಂತರ ಇನ್ನೂರು ಮೀಟರಿಗೆ ಒಂದೂವರೆ ಮೀಟರ್ ಇದ್ದೀತು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಂತು, ಅದರಲ್ಲಿ ದಿಬ್ಬವೇ ಇರಲಿಲ್ಲ. ಡಂಪಿ ಲೆವೆಲ್ (ನೆಲದ ಎತ್ತರ ಅಳೆಯುವ ದುರ್ಬೀನು) ಬಾಡಿಗೆಗೆ ತಂದು ಹಿಡಿದ ಮೇಲೆ ಸಾಲು ಸರಿಯಾಯಿತು. ಗುಡ್ಡಗಾಡಿನವರಿಗೆ ಉಪಗ್ರಹದ ಎತ್ತರ ಸರಿ, ಡೋಣಿ ಬಯಲಿನವರು ಕೋಲು ಹಿಡಿದೇ ನಡೆಯಬೇಕು. ಉಪಗ್ರಹದಿಂದ ಉಪಯೋಗವಾದದ್ದು ಬೇರೆ ಕಡೆ: ಡಿಸೆಂಬರ್ ಕೊನೆಯ ಸೆಂಟಿನೆಲ್ ಚಿತ್ರಗಳನ್ನು ವರ್ಷ ವರ್ಷ ಪಕ್ಕಪಕ್ಕ ಇಟ್ಟರೆ, ಜೋಳ ಮೊದಲು ಹಳದಿಯಾಗುವ ತೇಪೆಗಳು ಪ್ರತಿ ಬಾರಿಯೂ ಅದೇ ದಿಬ್ಬಗಳ ಮೇಲಿದ್ದವು.

ಹವಾಮಾನವನ್ನು ನಮ್ಮಲ್ಲಿ ಬಹಳ ಮಂದಿ ವರದಿಯ ಮೊದಲ ಪುಟದ ಅಲಂಕಾರವಾಗಿ ಬಳಸುತ್ತಾರೆ: ವಾರ್ಷಿಕ ಮಳೆ ಸುಮಾರು 600 ಮಿ.ಮೀ., ಮುಗಿಯಿತು. ನಾನು ಪಂಚಾಯಿತಿಯ ಮಳೆಮಾಪಕದ ದಿನವಹಿ ಅಂಕಿ ತೆಗೆದುಕೊಂಡು, ಪ್ರತಿ ದೊಡ್ಡ ಮಳೆಯ ಮರುದಿನ ಮಣ್ಣು ಕೊರೆಯುವ ಆಗರ್ ಹಾಕಿ ತೇವ ಎಷ್ಟು ಆಳ ಇಳಿದಿದೆ ನೋಡಿದೆ. ಉತ್ತರಿ, ಹಸ್ತ ಚೆನ್ನಾಗಿ ಆದ ವರ್ಷ ತಗ್ಗಿನಲ್ಲಿ ಒಂದು ಮೀಟರಿನ ಆಚೆಗೂ ತೇವ, ದಿಬ್ಬದಲ್ಲಿ ಒಂದೂವರೆ ಅಡಿಗೆ ನಿಂತಿತ್ತು. ದಿಬ್ಬದ ಬಿರುಕು ಮೇಲೆ ಮುಚ್ಚಿದಂತೆ ಕಂಡರೂ ಕೆಳಗೆ ತೆರೆದೇ ಇತ್ತು. ಒಂದೇ ಮಳೆಮಾಪಕ, ಒಂದೇ 600 ಮಿಲಿಮೀಟರ್, ಆದರೆ ಮಣ್ಣಿನ ಲೆಕ್ಕದಲ್ಲಿ ಎರಡು ಹವಾಮಾನ. ಒಗಟು ಇಲ್ಲಿಯೇ ಬಿಚ್ಚಿಕೊಂಡಿತು. ದಿಬ್ಬದಿಂದ ಮಳೆ ಹರಿದು ತಗ್ಗಿಗೆ ಹೋಗುತ್ತದೆ. ನಿಂತ ಅಲ್ಪ ನೀರು ಆಳಕ್ಕಿಳಿಯದೆ ಒಣಗುತ್ತದೆ, ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತದೆ, ಜೇಡಿಯ ಮೇಲೆ ಸೋಡಿಯಂ ಉಳಿಯುತ್ತದೆ. ಸೋಡಿಯಂ ಹೆಚ್ಚಾದಷ್ಟೂ ನೀರು ಇನ್ನೂ ಕಡಿಮೆ ಇಳಿಯುತ್ತದೆ. ತಗ್ಗಿಗೆ ಎರಡು ಪಾಲು ಮಳೆ, ತೊಳೆದುಕೊಂಡು ಚೊಕ್ಕವಾಗಿದೆ. ಡೋಣಿಯ ದಂಡೆಗೆ ಹೊಂದಿದ ಹೊಲಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಉಪ್ಪು ಅಂತರ್ಜಲವೇ ಮೇಲೆ ಬಂದು ಕುಳಿತಿರುತ್ತದೆ, ಇಸಿ ಏರಿರುತ್ತದೆ, ಹಿರಿಯಣ್ಣನವರು ಹೇಳಿದ ಸವಳು ಅದು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಏಪ್ರಿಲಿನಲ್ಲಿ ಬಿರುಕು ಬಾಯಿ ಬಿಟ್ಟಾಗ ಗೋಡೆಗೆ ಬಳಿಯುವ ಸುಣ್ಣವನ್ನು ತೆಳ್ಳಗೆ ಕಲಸಿ ಬಿರುಕಿಗೆ ಸುರಿದು, ಆರಿದ ಮೇಲೆ ಪಕ್ಕದಿಂದ ಅಗೆದು ನೋಡಿದೆ. ಬಿರುಕು ಎಲ್ಲಿ ಹೊರಳಿ, ಎಲ್ಲಿ ಕವಲೊಡೆದು ಎಷ್ಟು ಆಳ ಹೋಗಿದೆ ಎಂದು ಬಿಳಿ ಗೆರೆಯೇ ತೋರಿಸಿತು, ತಂತಿ ಇಳಿಸಿ ಅಳೆದದ್ದಕ್ಕಿಂತ ಒಂದೂವರೆ ಪಟ್ಟು. ವರದಿಗೆ ಅದರಿಂದ ಏನೂ ಸಿಗಲಿಲ್ಲ, ಬಾಯಿಬಿಟ್ಟು ನೋಡಲು ಊರಿನ ಹುಡುಗರೆಲ್ಲ ಬಂದಿದ್ದರು. ಇನ್ನೊಂದು, ಹಿರಿಯಣ್ಣನವರ ಪಡಸಾಲೆಯಲ್ಲಿ ಮಾಡಿ ತೋರಿಸಿದ್ದು: ಎರಡು ಗಾಜಿನ ಲೋಟದಲ್ಲಿ ಮಳೆ ನೀರು, ಒಂದಕ್ಕೆ ತಗ್ಗಿನ ಹೆಂಟೆ, ಇನ್ನೊಂದಕ್ಕೆ ದಿಬ್ಬದ ಎರಡಡಿ ಆಳದ ಹೆಂಟೆ. ಅವರು ಊಟ ಮುಗಿಸಿ ಬರುವಷ್ಟರಲ್ಲಿ ತಗ್ಗಿನ ಲೋಟದಲ್ಲಿ ಹೆಂಟೆ ಪುಡಿಯಾಗಿ ತಳದಲ್ಲಿ ಕೂತಿತ್ತು, ನೀರು ತಿಳಿಯಾಗಿತ್ತು. ದಿಬ್ಬದ ಲೋಟದಲ್ಲಿ ಜೇಡಿ ಚದುರಿ ನೀರು ಹಾಲು ಬೆರೆಸಿದ ಚಹಾದಂತಾಗಿತ್ತು. ಅರವತ್ತು ಸಾವಿರದ ವರದಿಗೆ ಅಲುಗದವರು ಎರಡು ಲೋಟಕ್ಕೆ ಮೌನವಾದರು.

ಆದರೂ ತಮ್ಮನ ಪಾಲಿನ ಎರಡೆಕರೆ ದಿಬ್ಬಕ್ಕೆ ದ್ರಾಕ್ಷಿ ಬಿದ್ದೇ ಬಿತ್ತು. ಕಂಬ, ತಂತಿ, ಹನಿ ನೀರಾವರಿ ಎಂದು ಲಕ್ಷಗಳಲ್ಲಿ ಸುರಿದರು. ಎರಡನೆಯ ವರ್ಷಕ್ಕೆ ಬುಡದಲ್ಲಿ ಹನಿ ನೀರು ಇಂಗದೆ ನಿಲ್ಲತೊಡಗಿತು, ಎಲೆಯಂಚು ಸುಟ್ಟಿತು, ಬೇರು ಅಗೆದು ನೋಡಿದರೆ ಎರಡಡಿಯಲ್ಲಿ ಅಡ್ಡಕ್ಕೆ ತಿರುಗಿದ್ದವು. ಅಣ್ಣ ಮಾತ್ರ ದಿಬ್ಬಕ್ಕೆ ಎಕರೆಗೆ ಸುಮಾರು ಎರಡು ಟನ್ ಜಿಪ್ಸಂ ಹಾಕಿಸಿದರು, ಅದರ ಕ್ಯಾಲ್ಸಿಯಂ ಜೇಡಿಯಿಂದ ಸೋಡಿಯಂ ಅನ್ನು ಬಿಡಿಸುತ್ತದೆ. ಮೇಲಿನ ಒಂದು ಗೇಣಿನ ಸೋಡಿಯಂಗೆ ಲೆಕ್ಕ ಹಾಕಿದ ಪ್ರಮಾಣ ಅದು, ಸಾಗಾಣಿಕೆ ಸೇರಿ ಎಂಟು-ಹತ್ತು ಸಾವಿರ. ಮುಂಗಾರಿಗೆ ಮೊದಲೇ ಹರಡಿ, ಹೊಲದ ಇಳಿಜಾರಿಗೆ ಅಡ್ಡಲಾಗಿ ಚೌಕು ಮಡಿ ಕಟ್ಟಿಸಿದ್ದರಿಂದ ಮಳೆ ಹರಿದು ಹೋಗದೆ ಅಲ್ಲಿಯೇ ನಿಂತು ಇಂಗಿತು. ಎಕರೆಗೆ ಮೂರು ಚೀಲ ಕಡಲೆ ಕಾಣದ ದಿಬ್ಬ ಮರುವರ್ಷ ಐದು ದಾಟಿತು. ತಗ್ಗಿನ ಏಳಕ್ಕೆ ಇನ್ನೂ ಸಮ ಬಂದಿಲ್ಲ, ಬರುವುದೂ ಕಷ್ಟ, ಎರಡಡಿಯ ಕೆಳಗಿನದಕ್ಕೆ ಜಿಪ್ಸಂ ಅಷ್ಟು ಬೇಗ ಮುಟ್ಟುವುದಿಲ್ಲ.

ಚೀಟಿ ಅದಲುಬದಲು ಎಂದಿದ್ದ ಗೆಳೆಯರು ಕಳೆದ ಬೇಸಿಗೆಯಲ್ಲಿ ತಮ್ಮ ಆಗರ್ ತಾವೇ ತಂದು ನನ್ನ ಸಾಲಿನಲ್ಲೇ ಹಾಕಿದರು. ಅವರ ಇಎಸ್‌ಪಿ ಅಂಕಿ ನನ್ನದಕ್ಕಿಂತ ಒಂದು ಹೆಚ್ಚೇ ಬಂತು. ಈಗ ಇಬ್ಬರೂ ಸೇರಿ ತಾಳಿಕೋಟೆಯ ಕಡೆಯ ಎರೆ ಹೊಲದಲ್ಲಿ ಇದೇ ಸಾಲು ಎಳೆಯುತ್ತಿದ್ದೇವೆ. ಅಲ್ಲಿ ಗರಸಿನ ಬದಲು ಸುಣ್ಣಕಲ್ಲಿನ ಚಪ್ಪಡಿ ಸಿಗುತ್ತಿದೆ, ಜೆಸಿಬಿಯವನು ಗಂಟೆಗೆ ಇನ್ನೂರು ಹೆಚ್ಚು ಕೇಳುತ್ತಿದ್ದಾನೆ.