ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್: ತಿಮಿಂಗಿಲ ಬೇಟೆಯ ಹಡಗಿನ ಪುಟ್ಟ ಮಾದರಿಯನ್ನು ಮರದಲ್ಲಿ ಕಟ್ಟಿದ ಅನುಭವ

ಅಮೆರಿಕದ ತಿಮಿಂಗಿಲ ಬೇಟೆಯ ಮರದ ಹಡಗುಗಳಲ್ಲಿ ಈಗ ಉಳಿದಿರುವುದು ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್ ಒಂದೇ. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ನೀರಿಗಿಳಿದು, 1921ರವರೆಗೆ 37 ಸಲ ಬೇಟೆಗೆ ಹೋಗಿಬಂದ ಹಡಗು ಇದು. 1941ರಿಂದ ಕನೆಕ್ಟಿಕಟ್‌ನ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಂನಲ್ಲಿದೆ. ಅಸಲು ಹಡಗೇ ಕಣ್ಮುಂದೆ ಇರುವುದರಿಂದ ಫೋಟೊಗಳಿಗೆ ಬರವಿಲ್ಲ. ಮಾದರಿ ಕಟ್ಟಲು ನಾನು ಇದನ್ನೇ ಆರಿಸಿಕೊಳ್ಳಲು ಅದೇ ಕಾರಣ.

ಅಳತೆ 1:64. ಅಸಲಿನ 113 ಅಡಿ ಇಲ್ಲಿ ಸುಮಾರು 54 ಸೆಂ.ಮೀ. ಪ್ಲೈವುಡ್‌ನಲ್ಲಿ ಅಡ್ಡಗೋಡೆಗಳನ್ನು ಕೊಯ್ದು ಅಡಿಮರಕ್ಕೆ ಕೂರಿಸಿ, ಮೇಲೆ ಹಾಲೆ ಮರದ ತೆಳು ಪಟ್ಟಿಗಳನ್ನು ಹೊದಿಸಿದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಮರವೇ. ಇದರ ಎಳೆ ಎಷ್ಟು ನುಣುಪೆಂದರೆ, ಇಷ್ಟು ಸಣ್ಣ ಅಳತೆಯಲ್ಲೂ ಕಣ್ಣಿಗೆ ಹೊಡೆಯುವುದಿಲ್ಲ. ಬೇಟೆ ಹಡಗಿನ ಮೂತಿ ದುಂಡಗೆ, ದಪ್ಪಗೆ ಇರುತ್ತದೆ. ಹಾಗಾಗಿ ಅಲ್ಲಿ ಪ್ರತಿ ಪಟ್ಟಿಯನ್ನೂ ತುದಿಯತ್ತ ಸಣ್ಣಗೆ ಕೆತ್ತಿ, ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ ಒಣಗಿಸಿದ ಮೇಲೆಯೇ ಅಂಟು ಹಚ್ಚಬೇಕು.

ಒಡಲು ಮುಗಿಯುವವರೆಗೆ ಇದು ಸರಕು ಹಡಗೋ ಬೇಟೆ ಹಡಗೋ ಗೊತ್ತಾಗುವುದಿಲ್ಲ. ಅದರ ಕಸುಬೆಲ್ಲ ಇರುವುದು ಮೇಲ್ತಟ್ಟಿನಲ್ಲಿ. ಮುಂಗಂಬದ ಹಿಂದೆ ಇಟ್ಟಿಗೆಯ ಒಲೆ, ಅದರಲ್ಲಿ ಎರಡು ಕಬ್ಬಿಣದ ಕೊಪ್ಪರಿಗೆ. ತಿಮಿಂಗಿಲದ ಕೊಬ್ಬನ್ನು ನಡುಗಡಲಲ್ಲೇ ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯೇ ಉರುವಲಾಗುವಂತೆ ಇಲ್ಲಿ ಎಣ್ಣೆ ಬಿಟ್ಟ ಕೊಬ್ಬಿನ ಚರಟವೇ ಉರುವಲು. ಮರದ ಹಡಗಿಗೆ ಬೆಂಕಿ ತಾಗದಿರಲೆಂದು ಒಲೆಯಡಿ ನೀರಿನ ತೊಟ್ಟಿ ಇರುತ್ತಿತ್ತು. ಒಲೆಯ ಇಟ್ಟಿಗೆಗಳನ್ನು ಬಿಡಿಬಿಡಿಯಾಗಿ ಮರದಲ್ಲೇ ಕತ್ತರಿಸಿ ಜೋಡಿಸಿದೆ. ಬಣ್ಣದ ಗೆರೆ ಎಳೆದರೆ ಸಾಕು ಎನ್ನುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬಾಯಿಯ ಸುತ್ತ ಮಸಿಯನ್ನೂ ಹಚ್ಚಿದೆ. ಈ ಹಡಗು ಹೊಳೆಯಬಾರದು.

ಎಡಬದಿಯಲ್ಲಿ ಸಾಲಾಗಿ ಬೇಟೆಗೆ ಇಳಿಸುವ ಮೂರು ದೋಣಿ ತೂಗುತ್ತವೆ. ಬಲಬದಿಯ ನಡುಭಾಗ ಖಾಲಿ, ಏಕೆಂದರೆ ಬೇಟೆಯನ್ನು ಅಲ್ಲಿಗೇ ಕಟ್ಟಿ, ಹಲಗೆಯ ಮೇಲೆ ನಿಂತು ಕೊಬ್ಬು ಸುಲಿಯುತ್ತಿದ್ದರು. ಎರಡೂ ಬದಿ ಒಂದೇ ತರಹ ಮಾಡಿದರೆ ಹಡಗಿನ ಕೆಲಸವೇ ಅಳಿಸಿಹೋಗುತ್ತದೆ.

ನನ್ನ ಬಹುಪಾಲು ಸಮಯ ಹಿಡಿದದ್ದು ದೋಣಿಗಳೇ. 28 ಅಡಿಯ ದೋಣಿ ಇಲ್ಲಿ ಹದಿಮೂರು ಸೆಂ.ಮೀ. ಮಾತ್ರ, ಎರಡೂ ತುದಿ ಚೂಪು. ಮೊದಲು ಗಟ್ಟಿ ಮರದಲ್ಲಿ ಅಚ್ಚು ಕೆತ್ತಿ, ಅಂಟು ಹಿಡಿಯದಂತೆ ಮೇಣ ಸವರಿದೆ. ಅದರ ಮೇಲೆ ಬಿದಿರಿನ ಸೀಳುಗಳನ್ನು ಪಕ್ಕೆಲುಬಾಗಿ ಬಗ್ಗಿಸಿ, ವಿನೀರ್ (ತೆಳು ಮರದ ಹಾಳೆ) ಪಟ್ಟಿ ಅಂಟಿಸಿ, ಒಣಗಿದ ಮೇಲೆ ಮೆಲ್ಲಗೆ ಎಬ್ಬಿಸಿದೆ. ಒಳಗೆ ಹಗ್ಗದ ಸುರುಳಿಯ ಟಬ್ಬು, ಈಟಿಗಳು, ಹಿಂಭಾಗದಲ್ಲಿ ಹಗ್ಗ ಸುತ್ತುವ ಗೂಟ. ಈಟಿ ನೆಟ್ಟ ತಿಮಿಂಗಿಲ ದೋಣಿಯನ್ನು ಎಳೆದೊಯ್ಯುವಾಗ ಆ ಗೂಟದಲ್ಲಿ ಹೊಗೆಯೇಳುವಷ್ಟು ಬಿಸಿ, ಹಗ್ಗಕ್ಕೆ ನೀರು ಹಾಕುತ್ತಲೇ ಇರಬೇಕಿತ್ತು. ಐದು ಹುಟ್ಟುಗಳಿಗೂ ಒಂದೇ ಉದ್ದ ಕೊಡಬೇಡಿ: ಒಂದು ಬದಿಗೆ ಮೂರು, ಇನ್ನೊಂದಕ್ಕೆ ಎರಡು, ನಡುವಿನದು ಎಲ್ಲಕ್ಕಿಂತ ಉದ್ದ.

ಹಾಯಿ ಬಿಚ್ಚಿ ಕಟ್ಟಲಿಲ್ಲ. ಬಟ್ಟೆ ಹರಡಿದರೆ ಒಲೆ, ದೋಣಿ ಎರಡೂ ಮರೆಯಾಗುತ್ತವೆ.