ಸ್ಟುಡಿಯೊ ಸೆಷನ್‌ಗೆ ಅಕೂಸ್ಟಿಕ್ ಗಿಟಾರ್ ನುಡಿಸುವವರಿಗೆ

ತಂತಿಗಳನ್ನು ರೆಕಾರ್ಡಿಂಗ್ ದಿನ ಬದಲಿಸಬೇಡಿ. ಹಿಂದಿನ ದಿನವೇ ಹಾಕಿ, ಒಂದೊಂದನ್ನೂ ಮೆಲ್ಲಗೆ ಎಳೆದು ಮತ್ತೆ ಶ್ರುತಿ ಮಾಡಿ. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ. ಎರಡನೇ ಟೇಕ್ ಹೊತ್ತಿಗೆ ಶ್ರುತಿ ಇಳಿದಿರುತ್ತದೆ. ಕೇಪೊ (ತಂತಿಗಳನ್ನು ಫ್ರೆಟ್ ಬಳಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿದ ಮೇಲೂ ಟ್ಯೂನರ್ ನೋಡಿ, ಅದರ ಒತ್ತಡಕ್ಕೆ ಸ್ವರ ಸ್ವಲ್ಪ ಏರುತ್ತದೆ.

ಮೈಕ್ 12ನೇ ಫ್ರೆಟ್ ಕಡೆಗೆ, 20ರಿಂದ 30 ಸೆಂ.ಮೀ. ದೂರದಲ್ಲಿರಲಿ. ನೇರ ಸೌಂಡ್‌ಹೋಲ್‌ಗೆ ಹಿಡಿದರೆ ಕೆಳಸ್ವರಗಳು ಗುಂಯ್‌ಗುಟ್ಟುತ್ತವೆ. ಜಾಗ ಗೊತ್ತಾದ ಕೂಡಲೇ ಕುರ್ಚಿಯ ಕಾಲುಗಳ ಸುತ್ತ ನೆಲಕ್ಕೆ ಟೇಪ್ ಅಂಟಿಸಿ. ಕಾಫಿ ಕುಡಿದು ಬಂದು ಒಂದು ಗೇಣು ಸರಿದು ಕೂತರೂ ನಾದ ಬೇರೆಯಾಗಿ, ಪಂಚ್-ಇನ್ ಮಾಡಿದ (ತಪ್ಪಿದ ಭಾಗವನ್ನಷ್ಟೇ ಮತ್ತೆ ನುಡಿಸಿ ಸೇರಿಸಿದ) ತುಣುಕು ಹಳೆಯದಕ್ಕೆ ಹೊಂದುವುದಿಲ್ಲ.

ಪಂಚ್-ಇನ್ ಅಂದರೆ ತಪ್ಪಿದ ಜಾಗದಿಂದಲೇ ಶುರು ಮಾಡುವುದಲ್ಲ. ಎರಡು ಬಾರ್ (ತಾಳದ ಆವರ್ತ) ಹಿಂದಿನಿಂದ, ಅದೇ ಬಲದಲ್ಲಿ ನುಡಿಸುತ್ತಾ ಬನ್ನಿ. ಹಿಂದಿನ ಕಾರ್ಡ್‌ನ (ಒಟ್ಟಿಗೆ ಮೊಳಗುವ ಸ್ವರಗಳ) ಅನುರಣನ ಇಲ್ಲದಿದ್ದರೆ ಜೋಡಣೆ ಕಿವಿಗೆ ಹೊಡೆಯುತ್ತದೆ.

ಹೆಡ್‌ಫೋನ್ ಕ್ಲೋಸ್ಡ್-ಬ್ಯಾಕ್ (ಹಿಂಬದಿ ಮುಚ್ಚಿದ, ಶಬ್ದ ಹೊರಗೆ ಸೋರದ ಬಗೆ) ಇರಲಿ. ಒಂದು ಕಿವಿ ತೆರೆದಿಡುವ ಅಭ್ಯಾಸವಿದ್ದರೆ ಆ ಕಡೆಯ ಶಬ್ದವನ್ನೇ ನಿಲ್ಲಿಸಲು ಹೇಳಿ. ಇಲ್ಲವಾದರೆ ಹಾಡು ಕರಗುವ ಕೊನೆಯ ಕಾರ್ಡ್‌ನಲ್ಲಿ ತಾಳ ತೋರಿಸಲು ಕಿವಿಗೆ ಕೊಡುವ ಕ್ಲಿಕ್ ಟಿಕ್‌ಟಿಕ್ ಎಂದು ಮೈಕ್‌ಗೆ ಬೀಳುತ್ತದೆ.

ಡಬಲ್ ಟ್ರ್ಯಾಕ್ (ಎಡ-ಬಲಕ್ಕೆ ಒಂದೊಂದರಂತೆ ಅದೇ ಭಾಗದ ಎರಡು ರೆಕಾರ್ಡಿಂಗ್) ಕೇಳಿದರೆ ಮತ್ತೊಮ್ಮೆ ನುಡಿಸಲೇಬೇಕು. ಮೊದಲನೆಯದನ್ನೇ ನಕಲು ಮಾಡಿದರೆ ಶಬ್ದ ಜೋರಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ.

ಎದ್ದು ಬರುವ ಮುನ್ನ ಟೆಂಪೊ, ಕೇಪೊ ಜಾಗ, ಟ್ಯೂನಿಂಗ್, ತಂತಿಯ ಗೇಜ್ (ದಪ್ಪ), ಪಿಕ್‌ನ ದಪ್ಪ ಬರೆದಿಟ್ಟುಕೊಳ್ಳಿ. ವಾರಗಳ ನಂತರ ‘ನಾಲ್ಕೇ ಬಾರ್ ಮತ್ತೆ ನುಡಿಸಬೇಕು’ ಎಂದು ಕರೆ ಬರುವುದುಂಟು.